‘ಬೇಡ’ ಎಂಬುದಕ್ಕೆ ಚಿತ್ರವಿಲ್ಲದ ನಾಡು

ಬಹಳ ಬಹಳ ಹಿಂದೆ, ಲೋಕದಲ್ಲಿ ಇನ್ನೂ ಅಕ್ಷರ ಎಂಬುದೇ ಹುಟ್ಟದಿದ್ದ ಕಾಲದಲ್ಲಿ, ಕಂಚುಗೋಡು ಎಂಬ ಒಂದು ರಾಜ್ಯವಿತ್ತು. ನನ್ನಿಯರಸ ಎಂಬ ರಾಜ ಅದನ್ನು ಆಳುತ್ತಿದ್ದ. ಬೇರೆ ರಾಜ್ಯಗಳಲ್ಲಿ ಇರುವಂತೆ ಅಲ್ಲಿಯೂ ಎತ್ತು, ಆನೆ, ಸಿಂಹ, ಹದ್ದು ಎಲ್ಲ ಇದ್ದವು. ಆದರೆ ಅವೆಲ್ಲವೂ ಕಂಚಿನವು. ಕಂಚಿನ ಎತ್ತು ಹೊಲ ಉಳುತ್ತಿತ್ತು. ಕಂಚಿನ ಆನೆ ದಿಮ್ಮಿ ಎಳೆಯುತ್ತಿತ್ತು. ಕಂಚಿನ ಹದ್ದು ಬೆಟ್ಟದಾಚೆಯ ಊರುಗಳಿಗೆ ಬುತ್ತಿ ಹೊತ್ತೊಯ್ಯುತ್ತಿತ್ತು. ಅವಕ್ಕೆ ಹುಲ್ಲು ಬೇಕಿರಲಿಲ್ಲ, ನೀರು ಬೇಕಿರಲಿಲ್ಲ, ನಿದ್ದೆಯೂ ಬೇಕಿರಲಿಲ್ಲ.

ಪ್ರತಿ ಮೃಗದ ಎದೆಯಲ್ಲೂ ಅಂಗೈಯಗಲದ ಒಂದು ಗೂಡು ಇತ್ತು. ಆ ಗೂಡಿನೊಳಗೆ ಒಂದು ಮಣ್ಣಿನ ಬಿಲ್ಲೆ ಇಟ್ಟರೆ ಸಾಕು, ಬಿಲ್ಲೆಯ ಮೇಲೆ ಏನಿದೆಯೋ ಆ ಕೆಲಸ ನಡೆಯುತ್ತಿತ್ತು. ಕೊಡದ ಚಿತ್ರ ಇಟ್ಟರೆ ನೀರು ಬರುತ್ತಿತ್ತು. ನೇಗಿಲಿನ ಚಿತ್ರ ಇಟ್ಟರೆ ಹೊಲ ಹದವಾಗುತ್ತಿತ್ತು. ಪೊರಕೆಯ ಚಿತ್ರ ಇಟ್ಟರೆ ಅಂಗಳ ಚೊಕ್ಕಟವಾಗುತ್ತಿತ್ತು. ಇದರಲ್ಲಿ ಕಲಿಯುವುದೇನೂ ಇರಲಿಲ್ಲ. ಅಂಬೆಗಾಲಿಡುವ ಕೂಸು ಕೂಡ ಬಿಲ್ಲೆ ತುರುಕಿ ಕೆಲಸ ಮಾಡಿಸುತ್ತಿತ್ತು. ದೂರದೇಶದಿಂದ ಬಂದ ಉಪ್ಪಿನ ವ್ಯಾಪಾರಿ, ನಮ್ಮ ಮಾತಿನ ಒಂದು ಪದವೂ ಬಾರದವನು, ಅವನೂ ಮಾಡಿಸುತ್ತಿದ್ದ.

ಬಿಲ್ಲೆಗಳನ್ನು ಮಾಡಿಕೊಡುವವನು ಒಬ್ಬನೇ. ಅವನ ಹೆಸರು ಮುದ್ರಾಕ್ಷ. ಊರ ಹಿಂದಿನ ಬೋಳುಬೆಟ್ಟದ ಮೇಲೆ ಅವನ ಬಿಲ್ಲೆಮನೆ. ‘ಮಣ್ಣಿಗೆ ಜೀವ ಬರುವುದು ನನ್ನ ಮಂತ್ರದಿಂದ. ಬೇರೆ ಯಾರು ತಟ್ಟಿದರೂ ಅದು ಬರೀ ಹೆಂಟೆ’ ಎಂದು ಅವನು ಹೇಳುತ್ತಿದ್ದ. ಜನ ನಂಬಿದ್ದರು.

ಸಣ್ಣ ಕೆಲಸಕ್ಕೆ ಒಂದು ಬಿಲ್ಲೆ ಸಾಕು. ದೊಡ್ಡ ಕೆಲಸವಾದರೆ ಹಲವು ಬಿಲ್ಲೆಗಳನ್ನು ನೆಲದ ಮೇಲೆ ಹರಡಿ, ಇದಾದ ಮೇಲೆ ಇದು ಎಂದು ಕೆಂಪು ದಾರದಿಂದ ಒಂದಕ್ಕೊಂದು ಕಟ್ಟಬೇಕು. ಹೊಳೆಗೆ ಸೇತುವೆ ಕಟ್ಟಿಸುವಾಗ ಇಡೀ ಒಂದು ಗದ್ದೆ ಬಿಲ್ಲೆಗಳಿಂದ ತುಂಬಿಹೋಗಿತ್ತು. ಯಾವ ದಾರ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂದು ನೋಡಲು ಬಗ್ಗಿದವರ ಸೊಂಟ ಹಿಡಿದುಕೊಂಡಿತು. ಅಷ್ಟರಲ್ಲಿ ಯಾರದೋ ಮೇಕೆ ಅಡ್ಡ ಓಡಿತು. ಅದರ ಕೊಂಬಿಗೆ ನಾಲ್ಕು ದಾರ ಸಿಕ್ಕಿಕೊಂಡಿತು. ಕಂಚಿನ ಎತ್ತುಗಳು ಹೊಳೆಯನ್ನು ಬಿಟ್ಟು, ಅರಮನೆಯ ಅಡುಗೆಮನೆಯ ನಟ್ಟನಡುವೆ ಸೇತುವೆ ಕಟ್ಟಿ ಮುಗಿಸಿದವು. ಜನ ಬಿದ್ದು ಬಿದ್ದು ನಕ್ಕರು. ಮುದ್ರಾಕ್ಷ ಮಾತ್ರ ನಗಲಿಲ್ಲ. ದಾರ ಎಷ್ಟು ಸಿಕ್ಕಾದರೆ ಜನ ಅಷ್ಟು ತನ್ನನ್ನೇ ಹುಡುಕಿಕೊಂಡು ಬರುತ್ತಾರೆ ಎಂಬುದನ್ನು ಅವನು ಆಗ ಕಂಡುಕೊಂಡ.

ಅದೇ ಊರಿನಲ್ಲಿ ಬೊಪ್ಪಯ್ಯ ಎಂಬ ಮದ್ದಳೆಗಾರನಿದ್ದ. ಅವನಿಗೆ ಸುಗ್ಗಲೆ ಎಂಬ ಮಗಳು. ತಾಯಿಯಿಲ್ಲದ ಹುಡುಗಿ, ಬೆಳೆದು ಹದಿಹರೆಯ ದಾಟಿದ್ದಳು. ಅಪ್ಪನ ಪಕ್ಕ ಕೂತು ಅವಳೂ ಮದ್ದಳೆ ನುಡಿಸುತ್ತಿದ್ದಳು. ಒಂದು ಬೆಳಿಗ್ಗೆ ಮದ್ದಳೆಯ ನಡುವಿನ ಕಪ್ಪು ಬೊಟ್ಟನ್ನು ತಿಕ್ಕಲು ಬೇಕಾದ ನುಣುಪು ಕಲ್ಲು ಹುಡುಕಲು ಅವಳು ಕೋಟೆಯಿಂದಾಚೆ ಹೊಳೆಗೆ ಹೋಗಿದ್ದಳು. ಆಗಲೇ ಅರಮನೆಯಲ್ಲಿ ನಡೆಯಬಾರದ್ದು ನಡೆಯಿತು.

ತುಂಬಿದ ಸಭೆಗೆ ಮುದ್ರಾಕ್ಷ ಬಂದ. ಕೈ ಮುಗಿಯಲಿಲ್ಲ, ಕೂರಲೂ ಇಲ್ಲ.

“ಪ್ರಭು, ಈ ನಾಡಿನಲ್ಲಿ ಉಳುವುದು, ಕಟ್ಟುವುದು, ಹೊರುವುದು ಎಲ್ಲ ನನ್ನ ಬಿಲ್ಲೆಯಿಂದ. ಹಾಗಿದ್ದ ಮೇಲೆ ಸಿಂಹಾಸನದಲ್ಲಿ ನೀವೇಕೆ ಕೂತಿದ್ದೀರಿ? ಇಳಿಯಿರಿ. ಮೊದಲು ಈ ನಾಡು ನನ್ನದಾಗಲಿ. ಆಮೇಲೆ ಅಕ್ಕಪಕ್ಕದ ನಾಡುಗಳಿಗೆಲ್ಲ ನಮ್ಮ ಕಂಚಿನ ಪಡೆ ಕಳಿಸುತ್ತೇನೆ” ಎಂದ.

“ಬೇಡ, ಮುದ್ರಾಕ್ಷ” ಎಂದ ರಾಜ. “ಉಳಲಿಕ್ಕೆ ಬಂದ ಮೃಗಗಳನ್ನು ಕೊಲ್ಲಲಿಕ್ಕೆ ಕಳಿಸುವುದು ಬೇಡ.”

ಮುದ್ರಾಕ್ಷ ಗಹಗಹಿಸಿ ನಕ್ಕ. “ಬೇಡ ಎಂದಿರಾ? ಬಾಯಲ್ಲಿ ಹೇಳಿದರೆ ಕಂಚಿಗೆ ಕೇಳಿಸುವುದಿಲ್ಲ ಪ್ರಭು. ಬೇಡ ಎನ್ನುವುದನ್ನು ಒಂದು ಚಿತ್ರ ಬಿಡಿಸಿ ತೋರಿಸಿ ನೋಡೋಣ!”

ಬೆಟ್ಟ ಬಿಡಿಸಬಹುದು. ಹೊಳೆ ಬಿಡಿಸಬಹುದು. ಬೆಂಕಿ ಬಿಡಿಸಬಹುದು. ಬೇಡ ಎಂಬುದನ್ನು ಹೇಗೆ ಬಿಡಿಸುವುದು? ಅದಕ್ಕೆ ಬಣ್ಣವಿಲ್ಲ, ಆಕಾರವಿಲ್ಲ. ಯಾರಿಗೂ ಹೊಳೆಯಲಿಲ್ಲ.

ಮುದ್ರಾಕ್ಷ ಜೋಳಿಗೆಯಿಂದ ಮಡಚಿದ ಮುಷ್ಟಿಯ ಚಿತ್ರವಿದ್ದ ಬಿಲ್ಲೆ ತೆಗೆದು ಪಟ್ಟದ ಆನೆಯ ಎದೆಗೂಡಿಗೆ ಇಟ್ಟ. ಕಂಚಿನ ಆನೆ ಸೊಂಡಿಲು ಚಾಚಿ ರಾಜನನ್ನು ಹಿಡಿದೆತ್ತಿ ಬೋಳುಬೆಟ್ಟದ ಕಡೆಗೆ ನಡೆಯಿತು. ಕೋಟೆಬಾಗಿಲಿನ ಸಿಂಹಕ್ಕೆ ಮುಚ್ಚಿದ ಕದದ ಬಿಲ್ಲೆ ಇಟ್ಟ. ಬಾಗಿಲು ದಡಾರನೆ ಮುಚ್ಚಿತು. ಹದ್ದಿಗೂ ಎತ್ತುಗಳಿಗೂ ಮುಷ್ಟಿಯ ಬಿಲ್ಲೆ ಇಟ್ಟ. ಅವು ಬೀದಿ ಬೀದಿಗೆ ನುಗ್ಗಿ ಜನರನ್ನು ಹಿಡಿದು ಬೆಟ್ಟದ ಬುಡದ ಮಣ್ಣಿನ ಗುಂಡಿಗಳಿಗೆ ತಂದು ಹಾಕಿದವು. “ತುಳಿಯಿರಿ ಮಣ್ಣನ್ನು! ಪಡೆ ಹೊರಡಿಸಲು ಸಾವಿರಾರು ಬಿಲ್ಲೆ ಬೇಕು ನನಗೆ” ಎಂದು ಮುದ್ರಾಕ್ಷ ಮೇಲಿನಿಂದ ಕೂಗಿದ.

ಗಟ್ಟಿಗಿತ್ತಿ ಕುಂಬಾರ ಹೆಂಗಸೊಬ್ಬಳು ಓಡಿಹೋಗಿ ಎತ್ತಿನ ಎದೆಯ ಮುಷ್ಟಿಯ ಮೇಲೆ ಇದ್ದಿಲಿನಿಂದ ಅಡ್ಡಗೆರೆ ಎಳೆದಳು. ಹಿಡಿಯಬೇಡ ಎಂದು ಅವಳ ಅರ್ಥ. ಎತ್ತು ಆ ಗೆರೆಯನ್ನು ಕೋಲು ಎಂದುಕೊಂಡಿತು. ಪಕ್ಕದ ಚಪ್ಪರದ ಗಳುವನ್ನು ಬಾಯಲ್ಲಿ ಹಿಡಿದು ಎಳೆದು, ಸಿಕ್ಕಸಿಕ್ಕವರಿಗೆ ಬಾರಿಸಲು ಶುರುಮಾಡಿತು.

ಹೊಳೆಯಿಂದ ಹಿಂದಿರುಗಿದ ಸುಗ್ಗಲೆ ಮುಚ್ಚಿದ ಬಾಗಿಲನ್ನು ಕಂಡಳು. ಅದರ ಮುಂದೆ ಕಂಚಿನ ಸಿಂಹ ಕಾಲು ಚಾಚಿ ಕೂತಿತ್ತು. ಒಳಗಿನಿಂದ ಕೂಗು, ಅಳು. ಮೇಲೆ ನೋಡಿದರೆ ಹದ್ದಿನ ಉಗುರಿನಲ್ಲಿ ಅವಳ ಅಪ್ಪ. ಮದ್ದಳೆಯನ್ನು ಅವುಚಿಕೊಂಡೇ ಇದ್ದ.

“ಅಪ್ಪಾ!” ಎಂದು ಕಿರುಚಿದಳು. ಹದ್ದು ಬೆಟ್ಟದ ಕಡೆಗೆ ಹಾರಿಹೋಯಿತು. ಸುಗ್ಗಲೆ ಅಳುತ್ತಾ ಹೊಳೆಯ ದಡಕ್ಕೆ ಬಂದು, ನೀರಿನಲ್ಲಿ ಅರ್ಧ ಹೂತಿದ್ದ ಒಂದು ಬಂಡೆಯ ಮೇಲೆ ಕುಸಿದು ಕೂತಳು.

“ಯಾರಮ್ಮಾ ಅದು, ಬೆನ್ನಿನ ಮೇಲೆ ಅಳುವವಳು?” ಎಂದಿತು ಬಂಡೆ.

ಅದು ಬಂಡೆಯಲ್ಲ, ಪಾಚಿ ಕಟ್ಟಿದ ಕಂಚಿನ ಆಮೆ. ಕಂಚುಗೋಡಿನ ಮೃಗಗಳಲ್ಲೆಲ್ಲ ಮೊಟ್ಟಮೊದಲು ಎರಕ ಹೊಯ್ದದ್ದು ಅದನ್ನೇ. ಅದರ ಎದೆಯ ಗೂಡು ಸವೆದು ಹೋಗಿತ್ತು. ಯಾವ ಬಿಲ್ಲೆಯೂ ಅದರಲ್ಲಿ ನಿಲ್ಲುತ್ತಿರಲಿಲ್ಲ. ಹಾಗಾಗಿ ಅದು ಯಾರ ಆಜ್ಞೆಗೂ ಒಳಪಡದೆ, ತನ್ನಷ್ಟಕ್ಕೆ ತಾನು ಹೊಳೆಯಲ್ಲಿ ಬಿದ್ದುಕೊಂಡಿತ್ತು.

ಸುಗ್ಗಲೆ ಬೆಚ್ಚಿದರೂ ಓಡಲಿಲ್ಲ. ಕಂಡದ್ದನ್ನೆಲ್ಲ ಹೇಳಿದಳು. “ಅಜ್ಜೀ, ಬಾಗಿಲು ತೆಗೆಸುವುದು ಹೇಗೆ? ತೆರೆದ ಬಾಗಿಲಿನ ಚಿತ್ರ ಇಟ್ಟರೆ ಆಗುತ್ತದೆಯೇ?”

“ಆಗದು ಮಗು. ಮುಚ್ಚಿದ ಕದವಾದರೆ ನಮಗೆ ಕದ ಹಾಕುವುದು ಗೊತ್ತು. ತೆರೆದ ಬಾಗಿಲು ನಮಗೆ ಬರೀ ಬಾಗಿಲು. ಬಾಗಿಲು ಎಂದು ಹೊಟ್ಟೆಯೊಳಗೆ ಹೇಳಿಕೊಂಡು ಸುಮ್ಮನೆ ಕೂತಿರುತ್ತೇವೆ.”

“ಹೇಳಿಕೊಳ್ಳುತ್ತೀರಾ? ನಿನ್ನಂತೆ ಉಳಿದ ಕಂಚಿನವರಿಗೂ ಮಾತು ಬರುತ್ತದೆಯೇ?”

“ಹೊಟ್ಟೆಯೊಳಗೆ ಬರುತ್ತದೆ. ಎಲ್ಲರೂ ನಾವು ಚಿತ್ರ ನೋಡಿ ಕೆಲಸ ಮಾಡುತ್ತೇವೆ ಎಂದುಕೊಂಡಿದ್ದಾರೆ. ಅಲ್ಲ. ಚಿತ್ರ ಕಂಡಾಗ ಅದರ ಹೆಸರು ನಮ್ಮ ಹೊಟ್ಟೆಯಲ್ಲಿ ಗಂಟೆಯಂತೆ ಮೊಳಗುತ್ತದೆ. ಆ ಸದ್ದನ್ನು ಕೇಳಿ ನಡೆದುಕೊಳ್ಳುತ್ತೇವೆ. ಅಪ್ಪಣೆಯಂತೆ ಕೇಳಿಸಿದರೆ ಅಪ್ಪಣೆ. ವಸ್ತುವಿನಂತೆ ಕೇಳಿಸಿದರೆ ಆ ವಸ್ತುವಿನ ಕೆಲಸ. ಮುದ್ರಾಕ್ಷನ ಮಂತ್ರವೆಲ್ಲ ಸುಳ್ಳು. ಯಾವ ಮಣ್ಣಾದರೂ ಆದೀತು, ಯಾರ ಕೈಯಾದರೂ ಆದೀತು.”

ಸುಗ್ಗಲೆ ಆ ಮಾತನ್ನೇ ಮನಸ್ಸಿನಲ್ಲಿ ಉರುಳಿಸಿದಳು. ಚಿತ್ರವಲ್ಲ, ಸದ್ದು. ತೆರೆ ಎಂಬ ಸದ್ದು ಸಿಂಹದ ಹೊಟ್ಟೆಯಲ್ಲಿ ಮೊಳಗಬೇಕು. ಗಾಳಿ ಬೀಸಿತು. ಹೊಳೆಯ ನೀರು ಎದ್ದು ಅವಳ ಪಾದಕ್ಕೆ ಬಡಿಯಿತು. ಕಾಲು ಎಳೆದುಕೊಳ್ಳುತ್ತಾ ನೀರನ್ನೇ ನೋಡಿದಳು. ಇದ್ದಕ್ಕಿದ್ದಂತೆ ನಕ್ಕುಬಿಟ್ಟಳು.

“ತೆರೆ! ಅಜ್ಜೀ, ನೀರಿನ ತೆರೆ! ಇದರ ಹೆಸರೂ ತೆರೆಯೇ ಅಲ್ಲವೇ?”

ಆಮೆ ತಲೆಯನ್ನು ಚಿಪ್ಪಿನಿಂದ ಪೂರ್ತಿ ಹೊರಗೆ ಚಾಚಿತು. “ಇಷ್ಟು ಕಾಲ ಬದುಕಿದ್ದೇನೆ, ಇದನ್ನು ಯಾರೂ ಮಾಡಿದ್ದು ನೋಡಿಲ್ಲ. ಹೋಗು, ಮಾಡು” ಎಂದಿತು.

ಸುಗ್ಗಲೆ ದಡದ ಹಸಿ ಮಣ್ಣು ತಟ್ಟಿ, ಉಗುರಿನಿಂದ ಬಳುಕುವ ಮೂರು ಗೆರೆ ಎಳೆದಳು. ಕೋಟೆಬಾಗಿಲಿಗೆ ಬಂದಳು. ಸಿಂಹ ಗರ್ಜಿಸಿತು. ಆದರೂ ಹತ್ತಿರ ಹೋಗಿ, ಅದರ ಬಿಸಿಯುಸಿರು ಮುಖಕ್ಕೆ ಬಡಿಯುತ್ತಿದ್ದಂತೆ ಹಳೆಯ ಬಿಲ್ಲೆ ಕಿತ್ತು ಹೊಸದನ್ನು ಒತ್ತಿದಳು.

ಸಿಂಹದ ಹೊಟ್ಟೆಯೊಳಗೆ ಗುಂಯ್ ಎಂದಿತು. ‘ತೆ... ರೆ...’

ಸಿಂಹ ಎದ್ದಿತು. ತಿರುಗಿತು. ಎರಡೂ ಮುಂಗಾಲುಗಳಿಂದ ಬಾಗಿಲನ್ನು ನೂಕಿತು. ಕೋಟೆಬಾಗಿಲು ತೆರೆಯಿತು!

ಸುಗ್ಗಲೆ ಒಳಗೆ ಓಡಿದಳು. ಮನೆಗಳೆಲ್ಲ ಖಾಲಿ. ಒಲೆಯ ಮೇಲೆ ಅನ್ನ ಸೀಯುತ್ತಿತ್ತು. ತೊಟ್ಟಿಲುಗಳು ತಾವಾಗಿ ತೂಗಾಡುತ್ತಿದ್ದವು. ಅವಳು ನಿಲ್ಲದೆ ಬೆಟ್ಟದ ಬುಡಕ್ಕೆ ಬಂದಳು. ಅಲ್ಲಿ ದೊಡ್ಡ ದೊಡ್ಡ ಗುಂಡಿಗಳು. ಒಳಗೆ ಊರಿನ ಜನರೆಲ್ಲ ಸೊಂಟದವರೆಗೆ ಕೆಸರಿನಲ್ಲಿ ನಿಂತು ಮಣ್ಣು ತುಳಿಯುತ್ತಿದ್ದರು. ಯಾರಾದರೂ ಮೇಲೆ ಹತ್ತಿದರೆ ಕಂಚಿನ ಹದ್ದು ಎರಗಿ ಹಿಡಿದು ಮತ್ತೆ ಒಳಗೆ ಎಸೆಯುತ್ತಿತ್ತು.

ಇದು ಎರಡನೆಯ ಪರೀಕ್ಷೆ. ಇಲ್ಲಿ ತೆರೆ ಎಂದರೆ ಸಾಲದು. ಹಿಡಿಯಬೇಡ ಎನ್ನಬೇಕು. ಹಿಡಿ ಎನ್ನುವುದು ಹದ್ದಿನ ಎದೆಯಲ್ಲಿ ಆಗಲೇ ಇದೆ, ಮುಷ್ಟಿ ಎಂದರೂ ಹಿಡಿಯೇ. ಇನ್ನು ಬೇಡ. ಇಡೀ ರಾಜಸಭೆಗೆ ಬಿಡಿಸಲಾಗದಿದ್ದ ಬೇಡ.

ಸುಗ್ಗಲೆ ಒಂದು ಪೊದೆಯ ಹಿಂದೆ ಕೂತು ಕಣ್ಣು ಮುಚ್ಚಿಕೊಂಡಳು. ಬೇಡ, ಬೇಡ, ಬೇಡ ಎಂದು ಬಾಯಲ್ಲೇ ಹೇಳಿಕೊಂಡಳು. ಹೇಳುತ್ತಾ ಹೇಳುತ್ತಾ ಆ ಪದದ ಅರ್ಥ ಕಳಚಿ ಬಿತ್ತು. ಬರೀ ಸದ್ದು ಉಳಿಯಿತು. ಆಗ ಅವಳ ಕಣ್ಣ ಮುಂದೆ ಬಿಲ್ಲು ಹಿಡಿದ ಒಬ್ಬ ಮನುಷ್ಯ ಬಂದು ನಿಂತ. ಕಾಡಿನ ಬೇಟೆಗಾರ. ಬೇಡ!

‘ಅಯ್ಯೋ, ಮುದ್ರಾಕ್ಷ ಸಾವಿರ ಬಿಲ್ಲೆ ಮಾಡಿದ್ದಾನೆ. ಕಾಗೆ, ಗೂಬೆ, ಗುಬ್ಬಚ್ಚಿಯನ್ನೂ ಬಿಟ್ಟಿಲ್ಲ. ಒಬ್ಬ ಬೇಡನನ್ನು ಮಾತ್ರ ಯಾವತ್ತೂ ಬಿಡಿಸಿಲ್ಲ. ಅವನಿಗೆ ಗೊತ್ತಿತ್ತು!’ ಎಂದುಕೊಂಡಳು. ಅವಳಿಗೆ ಭಯ ಹೋಗಿ ಸಿಟ್ಟು ಬಂತು.

ಬಿಲ್ಲು ಹಿಡಿದ ಬೇಡನನ್ನು ಮಣ್ಣಿನ ಬಿಲ್ಲೆಯ ಮೇಲೆ ಕೊರೆದಳು. ಆದರೆ ಆಕಾಶದಲ್ಲಿ ಹಾರುವ ಹದ್ದಿನ ಎದೆಗೆ ಅದನ್ನು ಇಡುವುದು ಹೇಗೆ? ಒಂದೇ ದಾರಿ ಇತ್ತು. ಅವಳು ಪೊದೆಯಿಂದ ಹೊರಗೆ ಬಂದು, ಗುಂಡಿಯ ಅಂಚಿನ ಮೇಲೆ ನಿಂತು, ಎರಡೂ ಕೈ ಬೀಸಿ ಕೂಗಿದಳು.

“ಇಲ್ಲಿದ್ದೇನೆ! ಬಾ, ಹಿಡಿ!”

“ಓಡು ಮಗಳೇ, ಓಡು!” ಎಂದು ಕೆಳಗಿನಿಂದ ಬೊಪ್ಪಯ್ಯ ಚೀರಿದ. ಹದ್ದು ಸಿಡಿಲಿನಂತೆ ಎರಗಿತು. ಉಗುರು ಸೊಂಟ ಬಳಸಿತು. ನೆಲ ಕೆಳಗೆ ಜಾರಿತು. ಸುಗ್ಗಲೆ ಕೈ ಚಾಚಿದಳು. ಎಟುಕಲಿಲ್ಲ. ಮತ್ತೆ ಚಾಚಿದಳು. ಮುಷ್ಟಿಯ ಬಿಲ್ಲೆಯ ಪಕ್ಕದಲ್ಲಿ ಬೇಡನ ಬಿಲ್ಲೆಯನ್ನು ಒತ್ತಿಯೇ ಬಿಟ್ಟಳು.

ಹದ್ದಿನ ಹೊಟ್ಟೆಯೊಳಗೆ ಗುಂಯ್ ಎಂದಿತು. ‘ಹಿಡಿ... ಬೇಡ... ಹಿಡಿಬೇಡ.’

ಹದ್ದು ಉಗುರು ಬಿಚ್ಚಿತು. ಸುಗ್ಗಲೆ ತಲೆಕೆಳಗಾಗಿ ಬಂದು ಗುಂಡಿಯ ಮೆತ್ತನೆಯ ಕೆಸರಿಗೆ ಪಚಕ್ಕನೆ ಬಿದ್ದಳು. ಎದ್ದಾಗ ಅವಳ ಮೈಯೆಲ್ಲ ಕೆಸರು, ಎರಡು ಕಣ್ಣಷ್ಟೇ ಕಾಣುತ್ತಿದ್ದವು. ಹದ್ದು ಇಳಿದು ಬಂದು ಸಾಧು ಕೋಳಿಯಂತೆ ಪಕ್ಕದಲ್ಲಿ ಕೂತಿತು. ಬೊಪ್ಪಯ್ಯ ಮಗಳ ಮುಖದ ಕೆಸರು ಒರೆಸುತ್ತಾ ಅತ್ತ, ನಕ್ಕ. ಜನ ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ಗುಂಡಿಯಿಂದ ಹೊರಗೆ ಬಂದರು. ಕುಂಬಾರ ಹೆಂಗಸು ತಾನೇ ಬೇಡನ ಬಿಲ್ಲೆಗಳನ್ನು ತಟ್ಟಿ ಎತ್ತುಗಳನ್ನೂ ತಣ್ಣಗಾಗಿಸಿದಳು.

ಆದರೆ ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ಎಲ್ಲರೂ ತಲೆಯೆತ್ತಿ ಬೆಟ್ಟದ ಮೇಲೆ ನೋಡಿದರು.

ಇಡೀ ಬೋಳುಬೆಟ್ಟದ ಮೈಮೇಲೆ ಬಿಲ್ಲೆಗಳು. ಬುಡದಿಂದ ತುದಿಯವರೆಗೆ ಸಾಲು ಸಾಲು ಬಿಲ್ಲೆಗಳು, ಅವುಗಳ ನಡುವೆ ಬಲೆಯಂತೆ ಕೆಂಪು ದಾರಗಳು. ದಾರಗಳೆಲ್ಲ ಕೊನೆಗೆ ಹೋಗಿ ಪಟ್ಟದ ಆನೆಯ ಎದೆಯಲ್ಲಿ ಸೇರಿದ್ದವು. ಕಂಚಿನ ಮೃಗಗಳಿಗೆಲ್ಲ ಆ ಆನೆಯೇ ಒಡೆಯ. ಅದು ಹೊರಟರೆ ಎಲ್ಲವೂ ಅದರ ಹಿಂದೆ ಹೊರಡಬೇಕು. ಊರು ತುಳಿ, ಮನೆ ಸುಡು, ಕೆರೆ ಒಡೆ, ಆಚೆಯ ಊರಿಗೆ ಹೋಗು, ಅದನ್ನೂ ತುಳಿ. ಮುದ್ರಾಕ್ಷನ ದಂಡಯಾತ್ರೆ ಅಲ್ಲಿ ಸಿದ್ಧವಾಗಿ ಹರಡಿಕೊಂಡಿತ್ತು. ರಾಜ ಇನ್ನೂ ಸೊಂಡಿಲಿನಲ್ಲೇ ಇದ್ದ.

“ಒಂದೊಂದಕ್ಕೂ ಒಬ್ಬೊಬ್ಬ ಬೇಡನನ್ನು ಅಂಟಿಸುತ್ತಾ ಹೋದರೆ?” ಎಂದಳು ಕುಂಬಾರ ಹೆಂಗಸು.

“ಒಂದನ್ನು ನಿಲ್ಲಿಸುವಷ್ಟರಲ್ಲಿ ಅವನು ಹತ್ತು ಇಡುತ್ತಾನೆ ಅಕ್ಕ” ಎಂದಳು ಸುಗ್ಗಲೆ. “ಎಲ್ಲಕ್ಕೂ ಸೇರಿ ಒಂದೇ ಮಾತು ಹೇಳಬೇಕು. ಯಾರು ಹೇಳಿದರೂ ಯಾರಿಗೂ ನೋವು ಮಾಡಬೇಡ ಎನ್ನಬೇಕು. ಬೇಡ ಎನ್ನಲು ಬೇಡ ಸಿಕ್ಕಿದ. ‘ಯಾರು’ ಎನ್ನಲು ಯಾರ ಚಿತ್ರ ಬಿಡಿಸಲಿ? ‘ಹೇಳಿದರೂ’ ಎನ್ನಲು ಏನು ಬಿಡಿಸಲಿ?”

ಯಾರ ಹೆಸರಿನಲ್ಲೂ, ಯಾವ ವಸ್ತುವಿನ ಹೆಸರಿನಲ್ಲೂ ಆ ಸದ್ದು ಇರಲಿಲ್ಲ. ಸುಗ್ಗಲೆ ಸೋತು ಕೂತಳು. ಚಿಂತೆ ಬಂದಾಗ ಬೊಪ್ಪಯ್ಯನ ಬೆರಳು ಮದ್ದಳೆಯ ಮೇಲೆ ತಾನಾಗಿ ಆಡುತ್ತಿತ್ತು. ಈಗಲೂ ಆಡಿತು. ತ ಕ ಧಿ ಮಿ. ತ ಕ ಧಿ ಮಿ.

ಸುಗ್ಗಲೆ ತಲೆಯೆತ್ತಿದಳು. “ಅಪ್ಪಾ, ತ ಎಂದರೆ ಏನು?”

“ತ ಎಂದರೆ ತ. ಇನ್ನೇನು ಇರುತ್ತದೆ?”

“ಅದೊಂದು ವಸ್ತುವೇ? ಮರವೇ? ಹಕ್ಕಿಯೇ?”

“ಅಲ್ಲ, ಹುಚ್ಚಿ. ತ ಬರೀ ಒಂದು ಪೆಟ್ಟು. ಒಂದೊಂದೇ ಪೆಟ್ಟಿಗೆ ಅರ್ಥವಿಲ್ಲ. ಸೇರಿಸಿ ನುಡಿಸಿದರೆ ಮದುವೆಯಾಗುತ್ತದೆ, ಯುದ್ಧವಾಗುತ್ತದೆ, ಜೋಗುಳವಾಗುತ್ತದೆ.”

ಸುಗ್ಗಲೆ ಧಡಕ್ಕನೆ ಎದ್ದಳು. “ಹಾಗಾದರೆ ಮಾತೂ ಅಷ್ಟೇ ಅಲ್ಲವೇ ಅಪ್ಪಾ? ಯಾ ಒಂದು ಪೆಟ್ಟು. ರು ಒಂದು ಪೆಟ್ಟು. ವಸ್ತುವಿಗೆ ಚಿತ್ರ ಬೇಡ. ಪೆಟ್ಟಿಗೊಂದು ಗುರುತು ಮಾಡೋಣ. ಬಾಯಿಂದ ಬರುವ ಪೆಟ್ಟುಗಳು ಎಷ್ಟಿದ್ದಾವು? ಸಾವಿರವಂತೂ ಇಲ್ಲ!”

ಅವಳು ಮಣ್ಣಿನ ಮೇಲೆ ಒಂದು ಸುಳಿ ಎಳೆದು ‘ತ’ ಎಂದಳು. ಅದಕ್ಕೆ ಮೇಲೊಂದು ಕೊಂಡಿ ಹಾಕಿ ‘ತಿ’ ಎಂದಳು. ಕೆಳಗೊಂದು ಬಾಲ ಎಳೆದು ‘ತು’ ಎಂದಳು. ಆ ಕೊಂಡಿ, ಆ ಬಾಲ ಬೇರೆ ಗುರುತುಗಳಿಗೂ ಒಪ್ಪಿದವು. ಜನ ಸುತ್ತ ನೆರೆದರು. ಯಾರಿಗೂ ಏನೂ ಅರ್ಥವಾಗಲಿಲ್ಲ.

“ಇದು ಕೊಡದಂತೆಯೂ ಇಲ್ಲ, ಎತ್ತಿನಂತೆಯೂ ಇಲ್ಲ. ನೋಡಿದರೆ ಎರೆಹುಳ ಹರಿದಂತಿದೆ. ಇದನ್ನು ಮೃಗಗಳು ಹೇಗೆ ತಿಳಿಯುತ್ತವೆ?” ಎಂದು ಒಬ್ಬ ಮುದುಕ ಕೇಳಿದ.

“ತಾವಾಗಿ ತಿಳಿಯುವುದಿಲ್ಲ ತಾತ. ಕಲಿಸಬೇಕು” ಎಂದಳು ಸುಗ್ಗಲೆ.

ಇದೇ ಮೂರನೆಯ ಪರೀಕ್ಷೆ. ಎಲ್ಲಕ್ಕಿಂತ ಕಷ್ಟದ್ದು.

ಅವಳು ಹದ್ದಿನ ಎದುರು ‘ತ’ ಗುರುತನ್ನು ಹಿಡಿದಳು. ಬೊಪ್ಪಯ್ಯ ಮದ್ದಳೆಗೆ ‘ತ’ ಎಂದು ಹೊಡೆದ. ಜನರೆಲ್ಲ ‘ತ’ ಎಂದರು. ಹದ್ದು ಸುಮ್ಮನೆ ನೋಡಿತು. ಮತ್ತೆ ಹಿಡಿದಳು, ಮತ್ತೆ ಹೊಡೆದ, ಮತ್ತೆ ಕೂಗಿದರು. ಗಂಟಲು ಕಟ್ಟಿತು. ಬೊಪ್ಪಯ್ಯನ ಬೆರಳು ಬಾತುಕೊಂಡಿತು. ಹದ್ದು ಕಲ್ಲಿನಂತೆ ಕೂತಿತ್ತು. ಕೆಲವರು ಬೇಸತ್ತು, ಇದು ಆಗುವ ಹೋಗುವ ಮಾತಲ್ಲ ಎಂದು ಎದ್ದು ನಿಂತರು. ಆಗ ಮದ್ದಳೆಯ ಒಂದು ಪೆಟ್ಟಿಗೆ ಹದ್ದಿನ ಕಂಚಿನ ಹೊಟ್ಟೆ ಅನುರಣಿಸಿತು.

‘ತ...’

“ಹೇಳಿತು! ಹೇಳಿತು!” ಎಂದು ಜನ ಕುಣಿದರು.

ಅಲ್ಲಿಂದ ಮುಂದೆ ಕಷ್ಟವಾಗಲಿಲ್ಲ. ಕ, ಮ, ಯ, ರ, ನ, ಡ. ಒಂದಾದ ಮೇಲೊಂದು ಗುರುತು ಹದ್ದಿಗೆ ಬಂತು. ಜನರಿಗೂ ಬಂತು. ಇನ್ನೊಂದು ಅಚ್ಚರಿಯೂ ನಡೆಯಿತು. ಕಂಚುಗೋಡಿನ ಮೃಗಗಳೆಲ್ಲ ಒಂದೇ ಮೂಸೆಯಲ್ಲಿ ಕರಗಿದ ಕಂಚಿನಿಂದ ಆದವು. ಒಂದು ಕಲಿತದ್ದು ಎಲ್ಲದರ ಹೊಟ್ಟೆಯಲ್ಲೂ ಮೊಳಗುತ್ತಿತ್ತು. ಕೋಟೆಬಾಗಿಲಿನ ಸಿಂಹ ‘ಕ’ ಎಂದಿತು. ಗದ್ದೆಯ ಎತ್ತುಗಳು ‘ಮ’ ಎಂದವು. ಬೆಟ್ಟದ ತುದಿಯಲ್ಲಿ ಪಟ್ಟದ ಆನೆಯೂ ‘ತ ಕ ಧಿ ಮಿ’ ಎಂದು ಗುನುಗತೊಡಗಿತು.

ಅದನ್ನು ಕೇಳಿ ಮುದ್ರಾಕ್ಷ ಬಿಲ್ಲೆಮನೆಯಿಂದ ಹೊರಗೆ ಓಡಿ ಬಂದ. ಕೆಳಗೆ ನೋಡಿದ. ಗುಂಡಿಗಳು ಖಾಲಿ. ಅವನ ಮುಖ ಕಪ್ಪಿಟ್ಟಿತು. ಇನ್ನು ಕಾಯುವಂತಿಲ್ಲ ಎಂದುಕೊಂಡು, ಭಾರವಾದ ಪಾದದ ಚಿತ್ರವಿದ್ದ ಕೊನೆಯ ಬಿಲ್ಲೆಯನ್ನು ಆನೆಯ ಎದೆಗೆ ಇಟ್ಟುಬಿಟ್ಟ. ದಾರಗಳೆಲ್ಲ ಬಿಗಿಯಾದವು. ಆನೆ ಹೆಜ್ಜೆ ಕಿತ್ತಿತು. ಬೆಟ್ಟ ಅದುರಿತು. ರಾಜನನ್ನು ಸೊಂಡಿಲಿನಲ್ಲಿ ತೂಗಾಡಿಸುತ್ತಾ ಆನೆ ಕೆಳಗೆ ಇಳಿಯತೊಡಗಿತು.

ಸುಗ್ಗಲೆ ಉದ್ದನೆಯ ಒಂದು ಬಿಲ್ಲೆ ತಟ್ಟಿ, ಅವಸರದಲ್ಲಿ, ಆದರೆ ಒಂದು ಗುರುತೂ ತಪ್ಪದಂತೆ ಒಂದು ಸಾಲು ಕೊರೆದಳು. ಇನ್ನೊಂದು ಸಣ್ಣ ಬಿಲ್ಲೆಯ ಮೇಲೆ ‘ನನ್ನನ್ನು ಆನೆಯ ಎದೆಗೆ ಎತ್ತು’ ಎಂದು ಕೊರೆದು, ಹದ್ದಿನ ಹಳೆಯ ಬಿಲ್ಲೆಗಳನ್ನು ತೆಗೆದು ಇದನ್ನು ಇಟ್ಟಳು. ಹದ್ದು ಅದನ್ನು ಓದಿಕೊಂಡು ಅವಳನ್ನು ಎತ್ತಿ ಹಾರಿತು. ಕಂಚು ಓದಿದ ಮೊದಲ ಮಾತು ಅದು.

“ಏನದು, ಹುಳ ಹರಿದ ಬಿಲ್ಲೆ?” ಎಂದು ಮುದ್ರಾಕ್ಷ ಕೂಗಿದ. “ನನ್ನ ಚಿತ್ರ ಹಾಲುಗಲ್ಲದ ಕೂಸಿಗೂ ಗೊತ್ತಾಗುತ್ತದೆ. ನಿನ್ನದನ್ನು ಕಲಿಯಬೇಕು!”

“ಹೌದು, ಕಲಿಯಬೇಕು!” ಎಂದಳು ಸುಗ್ಗಲೆ ಮೇಲಿನಿಂದ. “ಕಲಿತಿದ್ದೇವೆ!”

ಕೆಳಗೆ ಬೊಪ್ಪಯ್ಯ ಆನೆಯ ದಾರಿಗೆ ಅಡ್ಡ ನಿಂತು ಮದ್ದಳೆ ಬಾರಿಸುತ್ತಿದ್ದ. ಆನೆಯ ಹೊಟ್ಟೆಗೆ ಸದ್ದು ನೆನಪಾಗಲಿ ಎಂದು ನಿಲ್ಲಿಸದೆ ಬಾರಿಸುತ್ತಿದ್ದ. ಆನೆ ಅವನ ಹತ್ತಿರ ಬಂತು. ಮನೆಯಷ್ಟು ದೊಡ್ಡ ಪಾದ ಮೇಲೆದ್ದಿತು. ಅದರ ನೆರಳು ಅವನ ಮೇಲೆ ಬಿತ್ತು. ಅವನು ಓಡಲಿಲ್ಲ. ಅದೇ ಕ್ಷಣದಲ್ಲಿ ಹದ್ದು ಆನೆಯ ಎದೆಯ ಮುಂದೆ ರೆಕ್ಕೆ ಬಡಿಯುತ್ತಾ ನಿಂತಿತು. ಸುಗ್ಗಲೆ ಪಾದದ ಬಿಲ್ಲೆಯನ್ನು ಕಿತ್ತಳು. ದಾರಗಳನ್ನು ಎರಡೂ ಕೈಯಿಂದ ಹರಿದಳು. ತನ್ನ ಬಿಲ್ಲೆಯನ್ನು ಗೂಡಿಗೆ ಒತ್ತಿದಳು.

ಪಾದ ಗಾಳಿಯಲ್ಲೇ ನಿಂತಿತು.

ಆನೆಯ ಹೊಟ್ಟೆಯೊಳಗಿನಿಂದ, ದೊಡ್ಡ ಗಂಟೆಯೊಂದು ಮಾತು ಕಲಿತಂತೆ, ಒಂದೊಂದೇ ಪೆಟ್ಟು ಹೊರಗೆ ಬಂತು. ‘ಯಾ... ರು... ಹೇ... ಳಿ... ದ... ರೂ... ಯಾ... ರಿ... ಗೂ... ನೋ... ವು... ಮಾ... ಡ... ಬೇ... ಡ.’

ಆನೆ ಪಾದವನ್ನು ಪಕ್ಕಕ್ಕೆ ಇಟ್ಟಿತು, ಒಂದು ಹುಲ್ಲೂ ನಲುಗದಂತೆ ಮೆಲ್ಲಗೆ ಇಟ್ಟಿತು. ಸೊಂಡಿಲು ಬಾಗಿಸಿ ರಾಜನನ್ನು ನೆಲದ ಮೇಲೆ ನಿಲ್ಲಿಸಿತು. ಬೆಟ್ಟದಲ್ಲಿ, ಬಯಲಿನಲ್ಲಿ, ಕೋಟೆಯಲ್ಲಿ ಇದ್ದ ಅಷ್ಟೂ ಕಂಚಿನ ಮೃಗಗಳು ಅದೇ ಮಾತನ್ನು ಮೊಳಗಿಸಿದವು. ನಾಡಿಗೆ ನಾಡೇ ಗಂಟೆಯಾಯಿತು.

ಮುದ್ರಾಕ್ಷ ಹುಚ್ಚನಂತೆ ಆನೆಯ ಮುಂದೆ ಬಂದು ಮುಷ್ಟಿಯ ಬಿಲ್ಲೆ ತೋರಿಸಿದ. ಆನೆ ನೋಡಿತು. ಕದಲಲಿಲ್ಲ. ಬೆಂಕಿಯ ಬಿಲ್ಲೆ ತೋರಿಸಿದ. ಆನೆ ಕಿವಿ ಬೀಸಿತು. ಅವನು ಬೆನ್ನು ತಿರುಗಿಸಿ ಓಡಿದ. ಓಡಿದ್ದು ತನ್ನದೇ ದಾರಗಳ ನಡುವೆ. ಒಂದು ಕಾಲು ಬಿಡಿಸಿಕೊಂಡರೆ ಇನ್ನೊಂದು ಸಿಕ್ಕಿತು, ಕೈ ಬಿಡಿಸಿಕೊಂಡರೆ ಕುತ್ತಿಗೆ ಸಿಕ್ಕಿತು. ಕೊನೆಗೆ ಕೆಂಪು ದಾರದ ಉಂಡೆಯಾಗಿ ಉರುಳುತ್ತಾ ಬಂದು, ಜನ ತುಳಿದು ಹದಮಾಡಿದ್ದ ಕೆಸರಿನ ಗುಂಡಿಗೆ ಬಿದ್ದ. ಊರೇ ಕೇಕೆ ಹಾಕಿ ನಕ್ಕಿತು. ಹದ್ದು ಹೋಗಿ ಅವನನ್ನು ನೋವಾಗದಂತೆ ಎತ್ತಿ ತಂದಿತು.

ರಾಜ ಸುಗ್ಗಲೆಯ ಎರಡೂ ಕೈ ಹಿಡಿದುಕೊಂಡ. “ಮಗಳೇ, ಇಡೀ ಸಭೆಗೆ ಹೇಳಲಾಗದ ಮಾತನ್ನು ನೀನು ಹೇಳಿದೆ. ಈ ಚಿತ್ರದ ಬಿಲ್ಲೆಗಳನ್ನೆಲ್ಲ ಇವತ್ತೇ ಪುಡಿ ಮಾಡಿಸಲೇ?”

“ಅವು ಇರಲಿ ಪ್ರಭು” ಎಂದಳು ಸುಗ್ಗಲೆ. “ಕೂಸುಗಳಿಗೆ ಅವು ಬೇಕು. ನಮ್ಮ ಮಾತು ಬಾರದ ಉಪ್ಪಿನ ವ್ಯಾಪಾರಿಗೂ ಬೇಕು. ಬಾವಿ ಎಲ್ಲಿದೆ ಎಂದು ತೋರಿಸಲು ಕೊಡದ ಚಿತ್ರಕ್ಕಿಂತ ಒಳ್ಳೆಯದು ಏನಿದೆ? ಚಿತ್ರದಲ್ಲಿ ಆಗುವುದು ಚಿತ್ರದಲ್ಲೇ ಆಗಲಿ. ಆಗದ್ದಕ್ಕೆ ಈ ಗುರುತುಗಳಿವೆ. ಆದರೆ ಎರಡನ್ನೂ ಮಾಡುವ ಹಕ್ಕು ಎಲ್ಲರಿಗೂ ಇರಲಿ.”

ರಾಜ ಒಪ್ಪಿದ. ಬಿಲ್ಲೆಮನೆಯ ಬಾಗಿಲು ಎಲ್ಲರಿಗೂ ತೆರೆಯಿತು. ಮುದ್ರಾಕ್ಷನಿಗೆ ಸೆರೆಮನೆ ಆಗಲಿಲ್ಲ. ಅವನ ಕೈಚಳಕ ಒಳ್ಳೆಯದಿತ್ತು. ಮಕ್ಕಳಿಗೆ ಹಕ್ಕಿ, ಮೀನು, ನವಿಲುಗಳ ಬಿಲ್ಲೆ ಮಾಡಿಕೊಡುವ ಕೆಲಸ ಕೊಟ್ಟರು. ಮೊದಮೊದಲು ಮುಖ ಊದಿಸಿಕೊಂಡು ಮಾಡಿದ. ಒಂದು ದಿನ ಪುಟ್ಟ ಹುಡುಗಿಯೊಬ್ಬಳು ಅವನ ನವಿಲನ್ನು ಎದೆಗವುಚಿಕೊಂಡು ಕುಣಿದದ್ದನ್ನು ಕಂಡ. ಆಮೇಲೆ ಅವನ ಮುಖದ ಗಂಟು ಸಡಿಲವಾಯಿತು ಎನ್ನುತ್ತಾರೆ.

ಸುಗ್ಗಲೆ ಕೋಟೆಯ ಉದ್ದನೆಯ ಗೋಡೆಗೆ ಹಸಿ ಮಣ್ಣು ಮೆತ್ತಿಸಿ, ಬೇಕಾದವರು ಬಂದು ಬೇಕಾದ್ದನ್ನು ಬರೆಯಿರಿ ಎಂದಳು. ಊರಿಗೆ ಊರೇ ಸಾಲುಗಟ್ಟಿತು. ಯಾರೂ ಕೊಡ, ನೇಗಿಲು ಬರೆಯಲಿಲ್ಲ. ಅವುಗಳಿಗೆ ಚಿತ್ರ ಇತ್ತಲ್ಲ. ಒಬ್ಬ ಹಡಗಿನವನು ಹೆಂಡತಿಗೆ ‘ಬರುವುದು ತಡವಾದರೂ ಬಂದೇ ಬರುತ್ತೇನೆ’ ಎಂದು ಬರೆದ. ವರ್ಷಗಳಿಂದ ಮಾತು ಬಿಟ್ಟಿದ್ದ ಅಣ್ಣ ತಮ್ಮಂದಿರಲ್ಲಿ ಅಣ್ಣ ‘ನನ್ನದೇ ತಪ್ಪು’ ಎಂದು ಬರೆದ. ತಮ್ಮ ಅದರ ಕೆಳಗೆ ‘ಇರಲಿ ಬಿಡು’ ಎಂದು ಬರೆದ. ಕುಂಬಾರ ಹೆಂಗಸು ಬಹಳ ಹೊತ್ತು ಯೋಚಿಸಿ ತನ್ನ ಹೆಸರನ್ನು ಬರೆದಳು. ಚಾಮಕ್ಕ. ಅದನ್ನು ಬೆರಳಿನಿಂದ ಸವರಿ, ದೂರ ನಿಂತು ನೋಡಿ, ಮತ್ತೆ ಹತ್ತಿರ ಬಂದು ಸವರಿದಳು.

ಮಣ್ಣು ಬಿಸಿಲಿಗೆ ಒಣಗಿ ಗಟ್ಟಿಯಾಯಿತು. ಕಂಚುಗೋಡಿನ ಗೋಡೆ ಮಾತಾಡುತ್ತದಂತೆ ಎಂದು ದೂರದ ನಾಡುಗಳಿಂದ ಜನ ನೋಡಲು ಬಂದರು. ನೋಡಲು ಬಂದವರು ಕಲಿತು ಹೋದರು. ಆ ನಾಡಿನಲ್ಲಿ ಮತ್ತೆ ಯಾರೂ ಯಾರ ಬಾಯನ್ನೂ ಕಟ್ಟಲಿಲ್ಲ. ನನ್ನಿಯರಸ ಮುಪ್ಪಿನವರೆಗೂ ನೆಮ್ಮದಿಯಿಂದ ಆಳಿದ. ಜನ ಉಂಡರು, ಉಟ್ಟರು, ಓದಿದರು, ಹಾಡಿದರು. ಅವರ ಮಕ್ಕಳೂ, ಅವರ ಮಕ್ಕಳ ಮಕ್ಕಳೂ ಸುಖವಾಗಿ ಬಾಳಿದರು.